ಸಿನಿಮಾದ ಹ್ಯಾಕಿಂಗ್ ಸೀನ್ ನಿಜಕ್ಕೆ ಎಷ್ಟು ಹತ್ತಿರ? ಗ್ಯಾದರಿಂಗ್‌ಗೆ ಕಿರುಚಿತ್ರ ಮಾಡ್ತಿದ್ದೀವಿ, ಸ್ವಲ್ಪ ಹೇಳಿ

ಲಾಸ್ಟ್‌ಬೆಂಚ್_ಬೆಳಗಾವಿ
ಎಲ್ಲರಿಗೂ ನಮಸ್ಕಾರ. ಇಲ್ಲೇ ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಕೊನೆ ವರ್ಷ ಓದ್ತಿದ್ದೇನೆ. ಕಾಲೇಜಿನ ಗ್ಯಾದರಿಂಗ್‌ಗೆ, ಅಂದ್ರೆ ವಾರ್ಷಿಕೋತ್ಸವಕ್ಕೆ, ಕಿರುಚಿತ್ರ ಮಾಡುತ್ತಿದ್ದೇವೆ. ಕಥೆ ಸರಳ. ಒಬ್ಬ ಹುಡುಗ ನಿವೃತ್ತ ಮಾಸ್ತರರೊಬ್ಬರ ಖಾತೆಯಿಂದ ದುಡ್ಡು ಹೊಡೆಯುತ್ತಾನೆ, ಮಾಸ್ತರರ ಮೊಮ್ಮಗಳು ಅವನನ್ನು ಹಿಡಿಯುತ್ತಾಳೆ. ನಮ್ಮ ಡೈರೆಕ್ಟರ್ ದೋಸ್ತನಿಗೆ ಟೋಪಿ ಇರೋ ಕಪ್ಪು ಹೂಡಿ ಜಾಕೆಟ್ ಬೇಕು, ಕತ್ತಲೆ ಕೋಣೆ ಬೇಕು, ಸ್ಕ್ರೀನ್ ತುಂಬ ಹಸಿರು ಅಕ್ಷರ ಸುರಿಯಬೇಕು, ಟಪಟಪ ಟೈಪ್ ಮಾಡಿ ಮೂವತ್ತು ಸೆಕೆಂಡಿನಲ್ಲಿ ‘ಆಕ್ಸೆಸ್ ಗ್ರಾಂಟೆಡ್’ ಬರಬೇಕು. ಆಮೇಲೆ ಮೊಮ್ಮಗಳು ಐಪಿ ಅಡ್ರೆಸ್ (ಇಂಟರ್ನೆಟ್‌ನಲ್ಲಿ ಸಂಪರ್ಕಕ್ಕೆ ಸಿಗುವ ನಂಬರ್) ಟ್ರೇಸ್ ಮಾಡ್ತಾಳೆ, ನಕಾಶೆ ಜೂಮ್ ಆಗ್ತಾ ಆಗ್ತಾ ಖಡೇಬಜಾರಿನ ಒಂದು ಮನೆ ಮೇಲೆ ಕೆಂಪು ಚುಕ್ಕಿ ಬೀಳುತ್ತದೆ. ಹಾಲ್‌ನಲ್ಲಿ ಅರ್ಧ ಜನ ಸಿಎಸ್ ಬ್ರಾಂಚಿನವರೇ ಇರ್ತಾರೆ, ಸೀಟಿ ಬದಲು ನಗು ಬರುತ್ತೆ ಅಂತ ನಾನು. ನಿಜವಾದ ಹ್ಯಾಕಿಂಗ್ ತೋರಿಸಿದರೆ ಎಲ್ಲರೂ ಮಲಗಿಬಿಡ್ತಾರೆ ಅಂತ ಅವನು. ಯಾರು ಸರಿ?

ಕುಂದಾ_ಪ್ರಿಯ
ಅಮೆರಿಕದ ಎನ್‌ಸಿಐಎಸ್ ಧಾರಾವಾಹಿಯಲ್ಲಿ ಇಬ್ಬರು ಒಂದೇ ಕೀಬೋರ್ಡಿಗೆ ಮುಗಿಬಿದ್ದು ಹ್ಯಾಕರ್‌ನನ್ನು ತಡೆಯೋಕೆ ನೋಡ್ತಾರೆ. ನಾಲ್ಕು ಕೈ, ಒಂದು ಕೀಬೋರ್ಡ್. ಕೊನೆಗೆ ಬಾಸ್ ಬಂದು ಪ್ಲಗ್ ಕೀಳ್ತಾನೆ. ಅದಕ್ಕಿಂತ ಕೆಳಗೆ ಇಳಿಯಬೇಡಿ, ಅಷ್ಟೇ ನನ್ನ ವಿನಂತಿ 😂

ಗುಮ್ಮಟದ_ಮಾರ್ದನಿ
ಆ ಸೀನ್‌ನಲ್ಲಿ ಸ್ವಲ್ಪವಾದರೂ ತಲೆ ಓಡಿಸಿದವನು ಅಂದ್ರೆ ಆ ಪ್ಲಗ್ ಕಿತ್ತವನೇ ರೀ.

ನಾನು ವಿಜಯಪುರದವನು, ಕೆಲಸ ನೆಟ್‌ವರ್ಕ್ ಸೆಕ್ಯುರಿಟಿ. ನನಗೆ ಹಸಿರು ಅಕ್ಷರದ ಮೇಲೆ ಸಿಟ್ಟಿಲ್ಲ. ಸಿಟ್ಟು ಬರೋದು ಪಾಸ್‌ವರ್ಡ್ ಒಂದೊಂದೇ ಅಕ್ಷರವಾಗಿ ‘ಸಿಗುವ’ ಸೀನ್ ಮೇಲೆ. ಸ್ಕ್ರೀನ್‌ನಲ್ಲಿ ಅಂಕಿಗಳು ಗರಗರ ತಿರುಗ್ತವೆ, ಮೊದಲನೇದು ನಿಲ್ಲುತ್ತೆ, ಎರಡನೇದು ನಿಲ್ಲುತ್ತೆ, ಆಮೇಲೆ ಟಣ್ ಅಂತ ಬಾಗಿಲು ತೆಗೆಯುತ್ತೆ. ಸರಿಯಾಗಿ ಕಟ್ಟಿದ ಸಿಸ್ಟಮ್‌ನಲ್ಲಿ ಪಾಸ್‌ವರ್ಡನ್ನು ಹಾಗೇ ಇಟ್ಟಿರೋದೇ ಇಲ್ಲ. ಅದರಿಂದ ಲೆಕ್ಕ ಹಾಕಿ ತೆಗೆದ ಹ್ಯಾಶ್ ಇರುತ್ತದೆ. ನೀವು ಊಹಿಸಿದ್ದು ಪೂರ್ತಿ ಸರಿ ಇದ್ದರೆ ಹ್ಯಾಶ್ ತಾಳೆಯಾಗುತ್ತದೆ. ಒಂದೇ ಒಂದು ಅಕ್ಷರ ತಪ್ಪಿದರೂ ಸಂಬಂಧವೇ ಇಲ್ಲದ ಇನ್ನೊಂದು ಹ್ಯಾಶ್ ಬರುತ್ತದೆ. ‘ಸರ್, ಮೊದಲ ಮೂರು ಅಕ್ಷರ ಸಿಕ್ಕಿತು’ ಅನ್ನೋ ಮಾತೇ ಇಲ್ಲ. ಸಿಕ್ಕರೆ ಪೂರ್ತಿ, ಇಲ್ಲಾಂದ್ರೆ ಸೊನ್ನೆ.

ಲೆಕ್ಕ ಬೇಕಾದರೆ ನೋಡಿ. ಎಂಟು ಅಂಕಿಯ ಪಾಸ್‌ವರ್ಡ್ ಅಂದರೆ 10 ಕೋಟಿ ಸಾಧ್ಯತೆ. ಹಳೇ ಕಾಲದ ಹ್ಯಾಶ್ ಆದರೆ ಒಂದು ಗ್ರಾಫಿಕ್ಸ್ ಕಾರ್ಡಿಗೆ ಅದು ಕಣ್ಣು ಮಿಟುಕಿಸುವಷ್ಟರ ಕೆಲಸ. ಅದೇ ಕೀಬೋರ್ಡಿನ 94 ಚಿಹ್ನೆಗಳಿಂದ ಎರ್ರಾಬಿರ್ರಿ ಆರಿಸಿದ ಹನ್ನೆರಡು ಅಕ್ಷರ ಇದ್ದರೆ, ಸೆಕೆಂಡಿಗೆ ಸಾವಿರ ಕೋಟಿ ಊಹೆ ಮಾಡಿದರೂ ಎಲ್ಲ ಮುಗಿಯೋಕೆ ಸುಮಾರು 15 ಲಕ್ಷ ವರ್ಷ ಬೇಕು. ಗ್ಯಾದರಿಂಗ್ ಅಷ್ಟೊತ್ತಿಗೆ ಮುಗಿದಿರುತ್ತೆ. ಇದೆಲ್ಲ ಹ್ಯಾಶ್ ಕೈಗೆ ಸಿಕ್ಕ ಮೇಲಿನ ಮಾತು ಮತ್ತೆ. ಬ್ಯಾಂಕಿನ ಲಾಗಿನ್ ಪುಟದಲ್ಲಿ ಹೀಗೆ ಊಹಿಸ್ತಾ ಕೂತರೆ ನಾಲ್ಕೈದು ಸಲಕ್ಕೆ ಖಾತೆ ಲಾಕ್ ಆಗುತ್ತೆ. ಅದಕ್ಕೇ ಕಳ್ಳರು ಊಹಿಸೋಕೆ ಹೋಗೋದೇ ಕಡಿಮೆ. ಎಲ್ಲೋ ಸೋರಿಕೆಯಾದ ಪಟ್ಟಿಯಿಂದ ನಿಮ್ಮ ಹಳೇ ಪಾಸ್‌ವರ್ಡ್ ತಂದು ಸುಮ್ನೆ ಹಾಕಿ ನೋಡ್ತಾರೆ.

ಆಲಮಟ್ಟಿ_26ಗೇಟ್
ಒಂದು ಕಡೆ ಮಾತ್ರ ಇದು ಅರ್ಧ ನಿಜವಾಗಿತ್ತು, ಗುಮ್ಮಟದವರೇ. ವೈಫೈ ರೂಟರ್‌ಗಳ ಡಬ್ಲ್ಯೂಪಿಎಸ್ ಪಿನ್, ಅಂದ್ರೆ ಪಾಸ್‌ವರ್ಡ್ ಬದಲು ಹಾಕಿ ವೈಫೈಗೆ ಸೇರುವ ಪಿನ್. ಎಂಟು ಅಂಕಿ, ಆದರೆ ರೂಟರ್ ಅದನ್ನು ಎರಡು ತುಂಡು ಮಾಡಿ ಪರೀಕ್ಷಿಸುತ್ತಿತ್ತು. ಮೊದಲ ನಾಲ್ಕು ಸರಿಯೋ ತಪ್ಪೋ ಅಂತ ತಾನೇ ಹೇಳಿಬಿಡ್ತಿತ್ತು. ಕೊನೇ ಅಂಕಿ ಬರೀ ತಾಳೆ ನೋಡೋಕೆ ಇರೋದು, ಹಾಗಾಗಿ ಉಳಿಯೋದು ಮೂರು. 10,000 ಮತ್ತು 1,000 ಸೇರಿ ಹೆಚ್ಚೆಂದರೆ 11,000 ಸಲ ಪ್ರಯತ್ನಿಸಿದರೆ ಸಾಕು. 2011ರಲ್ಲಿ ಈ ದೋಷ ಬಯಲಾಯಿತು. ಆದರೂ ಮೂವತ್ತು ಸೆಕೆಂಡಿನಲ್ಲಿ ಆಗುತ್ತಿರಲಿಲ್ಲ, ಗಂಟೆಗಟ್ಟಲೆ ಹಿಡಿಯುತ್ತಿತ್ತು.

ಗುಮ್ಮಟದ_ಮಾರ್ದನಿ
ಒಪ್ಪಿದೆ. ಇದನ್ನು ಹೇಳೋಕೆ ಯಾರೋ ಒಬ್ಬರು ಬಂದೇ ಬರ್ತಾರೆ ಅಂತ ಗೊತ್ತಿತ್ತು 🙂

ತಿಕೋಟಾ_ಒಣದ್ರಾಕ್ಷಿ
ಎಲ್ಲ ಸಿನಿಮಾನೂ ಬೈಯಬೇಡಿ. 1983ರ ‘ವಾರ್‌ಗೇಮ್ಸ್’ ನೋಡಿ. ಆ ಹುಡುಗ ಶಾಲೆಯ ಕಂಪ್ಯೂಟರಿಗೆ ನುಗ್ಗೋದು ಹೇಗೆ? ಆಫೀಸಿನಲ್ಲಿ ಬರೆದಿಟ್ಟ ಪಾಸ್‌ವರ್ಡ್ ಪಟ್ಟಿಯನ್ನು ಕದ್ದು ನೋಡ್ತಾನೆ. ಹಳೇದಕ್ಕೆ ಗೀಟು ಎಳೆದು ಕೆಳಗೆ ಹೊಸದು ಬರೆದಿರುತ್ತಾರೆ. ಇವತ್ತಿಗೂ ಎಷ್ಟು ಕಚೇರಿಯ ಮಾನಿಟರ್ ಕೆಳಗೆ ಹಳದಿ ಚೀಟಿ ಅಂಟಿರುತ್ತೆ ಹೇಳಿ. ಆಮೇಲೆ ಮೋಡೆಮ್‌ನಿಂದ ಸಾಲಾಗಿ ನಂಬರ್‌ಗಳಿಗೆ ಫೋನ್ ಹಚ್ಚಿ, ಯಾವ ನಂಬರ್‌ನಲ್ಲಿ ಕಂಪ್ಯೂಟರ್ ಉತ್ತರಿಸುತ್ತೆ ಅಂತ ಹುಡುಕ್ತಾನೆ. ಆಗ ಜನ ನಿಜವಾಗಿ ಮಾಡುತ್ತಿದ್ದದ್ದೂ ಅದನ್ನೇ. ಆ ಚಾಳಿಗೆ ‘ವಾರ್ ಡಯಲಿಂಗ್’ ಅಂತ ಹೆಸರು ಬಿದ್ದದ್ದು ಈ ಸಿನಿಮಾದಿಂದ. ಅಧ್ಯಕ್ಷ ರೇಗನ್ ಸಿನಿಮಾ ನೋಡಿ, ಹೀಗಾಗೋದು ಸಾಧ್ಯವಾ ಅಂತ ಸೇನಾಧಿಕಾರಿಗಳನ್ನೇ ಕೇಳಿದ್ದರು. ನೀವು ಅಂದುಕೊಂಡದ್ದಕ್ಕಿಂತ ಪರಿಸ್ಥಿತಿ ಕೆಟ್ಟದಾಗಿದೆ ಅನ್ನೋ ಉತ್ತರ ಬಂತು. 1984ರಲ್ಲಿ ಅಮೆರಿಕ ಸರ್ಕಾರ ಕಂಪ್ಯೂಟರ್ ಸುರಕ್ಷತೆ ಬಗ್ಗೆ ಒಂದು ಆದೇಶವನ್ನೇ ಹೊರಡಿಸಿತು.

ಅದೇ ಸಿನಿಮಾದ ಕೊನೆಯಲ್ಲಿ ಕಂಪ್ಯೂಟರು ಕ್ಷಿಪಣಿಯ ಕೋಡನ್ನು ಒಂದೊಂದೇ ಅಕ್ಷರವಾಗಿ ಕಂಡುಹಿಡಿಯುತ್ತೆ! ಗುಮ್ಮಟದವರ ಸಿಟ್ಟಿಗೆ ಮೂಲಪುರುಷ ಅಲ್ಲೇ ಇದ್ದಾನೆ.

2003ರ ‘ಮ್ಯಾಟ್ರಿಕ್ಸ್ ರೀಲೋಡೆಡ್’ನಲ್ಲೂ ಒಂದು ಚೂರು ಅಸಲಿ ಇದೆ. ಅದರ ನಾಯಕಿ ಟ್ರಿನಿಟಿ ಬಳಸೋದು ಎನ್‌ಮ್ಯಾಪ್, ಅಂದ್ರೆ ಕಂಪ್ಯೂಟರಿನ ಯಾವ ಪೋರ್ಟ್ (ಸಂಪರ್ಕದ ಬಾಗಿಲು) ತೆರೆದಿದೆ ಅಂತ ನೋಡುವ ಸಾಫ್ಟ್‌ವೇರ್, ನಾವು ಲ್ಯಾಬ್‌ನಲ್ಲಿ ಬಳಸುವ ಅದೇ ಎನ್‌ಮ್ಯಾಪ್. ಪೋರ್ಟ್ 22 ತೆರೆದಿದೆ ಅಂತ ನೋಡಿ, ದೂರದಿಂದ ಲಾಗಿನ್ ಆಗೋಕೆ ಬಳಸುವ ಎಸ್‌ಎಸ್‌ಎಚ್‌ನಲ್ಲಿ 2001ರಲ್ಲಿ ಸಿಕ್ಕಿದ್ದ ನಿಜವಾದ ದೋಷವನ್ನೇ ಬಳಸ್ತಾಳೆ. ಸ್ಕ್ರೀನ್ ಮೇಲೆ ಇರೋದು ಕೆಲವೇ ಸೆಕೆಂಡು. ‘ಮಿಸ್ಟರ್ ರೋಬಾಟ್’ ಧಾರಾವಾಹಿ ಅಂತೂ ಬಿಡಿ, ಕಮಾಂಡ್ ಸಮೇತ ಸರಿ ಇರುತ್ತೆ. ಅದರಲ್ಲಿ ಪೊಲೀಸ್ ಕಚೇರಿ ಹೊರಗೆ ಪೆನ್‌ಡ್ರೈವ್ ಚೆಲ್ಲಿ ಬರೋ ಸೀನ್ ಇದೆ. ಇದು ನಂಬೋ ಮಾತಾ ಅಂತ ಕೇಳುವವರಿಗೆ: ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕರು 297 ಪೆನ್‌ಡ್ರೈವ್ ಚೆಲ್ಲಿ ನೋಡಿದ್ದರು. ಕನಿಷ್ಠ 45 ಶೇಕಡಾ ಪೆನ್‌ಡ್ರೈವ್‌ಗಳನ್ನು ಜನ ಕಂಪ್ಯೂಟರಿಗೆ ಹಾಕಿ ಫೈಲ್ ತೆರೆದಿದ್ದರು.

ಇಳಕಲ್_ದಡಿ
ನಾನು ಡೈರೆಕ್ಟರ್ ಪರ. ನಮ್ಮ ಕಡೆ ಕಂಪನಿ ನಾಟಕ ನೋಡಿ ಬೆಳೆದವರು ನಾವು. ಬಣ್ಣದ ಪರದೆ ಇಳಿದರೆ ಅದು ಅರಮನೆ, ತಗಡು ಅಲ್ಲಾಡಿಸಿದರೆ ಅದು ಗುಡುಗು. ಮುಂದಿನ ಸಾಲಿನವರು ಎದ್ದು ‘ಇದು ತಗಡು’ ಅಂತ ಕೂಗಿದ್ದನ್ನು ನಾನಂತೂ ನೋಡಿಲ್ಲ. ಹ್ಯಾಕಿಂಗ್ ಅಂದ್ರೆ ಒಬ್ಬ ಮನುಷ್ಯ ಕೂತು ಓದೋದು, ಕಾಯೋದು, ಮತ್ತೆ ಓದೋದು ಅಂತ ನೀವೇ ಹೇಳ್ತೀರಿ. ಅದನ್ನು ಕ್ಯಾಮೆರಾದಲ್ಲಿ ಹೇಗೆ ಹಿಡಿಯೋದು? ಕೋರ್ಟ್ ಸೀನ್ ನೋಡಿ ವಕೀಲರು ನಗ್ತಾರೆ, ಆಪರೇಷನ್ ಸೀನ್ ನೋಡಿ ಡಾಕ್ಟರು ನಗ್ತಾರೆ. ಕಂಪ್ಯೂಟರಿನವರಿಗೆ ಮಾತ್ರ ಯಾಕಿಷ್ಟು ಉರಿ?

ಜಮಖಂಡಿ_ಸರ್ವಿಸ್‌ಸೆಂಟರ್
ಉರಿ ಯಾಕೆ ಅಂತ ನಾನು ಹೇಳ್ತೀನಿ. ನನ್ನದು ಮೊಬೈಲ್, ಕಂಪ್ಯೂಟರ್ ರಿಪೇರಿ ಅಂಗಡಿ. ದುಡ್ಡು ಕಳಕೊಂಡವರು ಮೊದಲು ಬರೋದು ಬ್ಯಾಂಕಿಗಲ್ಲ, ನನ್ನ ಕೌಂಟರಿಗೆ. ಬಂದವರದ್ದು ಒಂದೇ ಮಾತು: ‘ಯಾರೋ ಹ್ಯಾಕ್ ಮಾಡ್ಯಾರ್ರೀ, ಫಾರ್ಮ್ಯಾಟ್ ಮಾಡಿಕೊಡ್ರಿ.’

ಆ ಫೋನ್ ಒಳಗೆ ನಾನು ನೋಡೋದು ಏನು ಗೊತ್ತಾ? ವಾಟ್ಸಾಪ್‌ನಲ್ಲಿ ಮದುವೆ ಆಮಂತ್ರಣ. ಕಳಿಸಿದ್ದು ಗುರುತಿನವರೇ, ಯಾಕಂದ್ರೆ ಅವರ ಫೋನ್ ಆಗಲೇ ಕೆಟ್ಟಿರುತ್ತೆ. ಫೈಲ್ ಹೆಸರಿನ ಕೊನೆಗೆ ಪಿಡಿಎಫ್ ಇಲ್ಲ, ಎಪಿಕೆ ಅಂತ ಇದೆ, ಅಂದ್ರೆ ಅದು ಪತ್ರಿಕೆ ಅಲ್ಲ, ಆ್ಯಪ್. ಒತ್ತಿದ ತಕ್ಷಣ ಆಂಡ್ರಾಯ್ಡ್ ತಡೆಯುತ್ತೆ: ಇದು ಗೊತ್ತಿಲ್ಲದ ಕಡೆಯಿಂದ ಬಂದಿದೆ, ಅನುಮತಿ ಕೊಡ್ತೀರಾ? ಕೊಡ್ತಾರೆ. ಆಮೇಲೆ ಎಸ್‌ಎಂಎಸ್ ಓದಲಾ ಅಂತ ಕೇಳುತ್ತೆ. ಅದಕ್ಕೂ ಕೊಡ್ತಾರೆ, ಮದುವೆ ಯಾರದು ಅಂತ ನೋಡೋ ಆತುರ. ಪತ್ರಿಕೆ ತೆರೆಯೋದೇ ಇಲ್ಲ, ಐಕಾನ್ ಮಾಯ. ಆವತ್ತು ರಾತ್ರಿ ಒಟಿಪಿ ಬಂದದ್ದು ಬಂದ ಹಾಗೇ ಬೇರೆ ಯಾರಿಗೋ ಹೋಗುತ್ತೆ. ಇಡೀ ಕೆಲಸದಲ್ಲಿ ಕಳ್ಳ ಒಂದು ಬೀಗವನ್ನೂ ಮುರಿಯಲಿಲ್ಲ. ಪ್ರತಿ ಬಾಗಿಲನ್ನೂ ಕೇಳಿ ತೆಗೆಸಿದ.

ಈಗ ಸಿನಿಮಾಕ್ಕೆ ಬರ್ತೀನಿ. ಹ್ಯಾಕರ್ ಅಂದ್ರೆ ಎಲ್ಲ ಬಲ್ಲವನು, ಕತ್ತಲೆ ಕೋಣೆಯಲ್ಲಿ ಕೂತು ಯಾರ ಖಾತೆಗಾದರೂ ನುಗ್ಗಬಲ್ಲವನು ಅಂತ ತೋರಿಸಿದ್ದೀರಲ್ಲ, ಅದನ್ನು ನಂಬಿದವರು ಎರಡು ತಪ್ಪು ಮಾಡ್ತಾರೆ. ಅಂಥವನ ಮುಂದೆ ನಮ್ಮದೇನು ನಡೆಯುತ್ತೆ ಅಂತ ಸುಮ್ಮನಾಗ್ತಾರೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡೋದು ಮರುದಿನ, ದುಡ್ಡು ಅಷ್ಟೊತ್ತಿಗೆ ನಾಲ್ಕು ಖಾತೆ ದಾಟಿರುತ್ತೆ. ತಕ್ಷಣ ಮಾಡಿದ್ದರೆ ಮಧ್ಯದ ಖಾತೆಯಲ್ಲೇ ಹಿಡಿದು ನಿಲ್ಲಿಸೋಕೆ ಅವಕಾಶ ಇತ್ತು. ಇನ್ನೊಂದು, ಸಾಕ್ಷಿ ಇರೋ ಫೋನನ್ನು ಫಾರ್ಮ್ಯಾಟ್ ಮಾಡಿಸಿಬಿಡ್ತಾರೆ. ನಾನು ಮಾಡಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗ್ತಾರೆ. ನಾಟಕದ ತಗಡು ನಂಬಿ ಯಾರೂ ಮಳೆಗೆ ಕೊಡೆ ಹಿಡಿಯಲ್ಲ ದಡಿಯವರೇ. ಈ ತಗಡನ್ನು ಹಿಡೀತಾರೆ.

ಇಳಕಲ್_ದಡಿ
ಹ್ಞೂಂ. ಇದಕ್ಕೆ ಉತ್ತರ ಯೋಚಿಸಬೇಕು.

ಗುಮ್ಮಟದ_ಮಾರ್ದನಿ
ಜಮಖಂಡಿಯವರ ಮಾತು ಸರಿ, ಆದರೆ ಈಗೀಗ ಎಲ್ಲರೂ ‘ಹ್ಯಾಕಿಂಗ್ ಅಂದ್ರೆ ಬರೀ ಮೋಸದ ಮಾತು, ಯಂತ್ರ ಮುರಿಯೋದೆಲ್ಲ ಸುಳ್ಳು’ ಅನ್ನೋ ಇನ್ನೊಂದು ತುದಿಗೆ ಹೋಗ್ತಾರೆ. ಅದೂ ಬೇಡ. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ವೈರಸ್ ಹರಡಿದಾಗ ಯಾರೂ ಯಾವ ಲಿಂಕನ್ನೂ ಒತ್ತಬೇಕಾಗಿರಲಿಲ್ಲ. ಅಪ್‌ಡೇಟ್ ಮಾಡದ ವಿಂಡೋಸ್ ಇದ್ದರೆ ಸಾಕು, ತಾನೇ ಒಳಗೆ ಬರ್ತಿತ್ತು. ಪುಣೆಯ ಕಾಸ್ಮಾಸ್ ಬ್ಯಾಂಕ್, 2018ರ ಆಗಸ್ಟ್. ಎಟಿಎಂ ವ್ಯವಹಾರಕ್ಕೆ ಒಪ್ಪಿಗೆ ಕೊಡುವ ವ್ಯವಸ್ಥೆಯನ್ನೇ ದಾಟಿ, ಸುಳ್ಳು ಒಪ್ಪಿಗೆ ಕೊಡಿಸಿದರು. 28 ದೇಶಗಳ ಎಟಿಎಂಗಳಲ್ಲಿ ನಕಲಿ ಕಾರ್ಡು ಹಿಡಿದವರು ಕೆಲವೇ ಗಂಟೆಗಳಲ್ಲಿ ದುಡ್ಡು ತೆಗೆದರು. ಆಮೇಲೆ ಹಾಂಗ್‌ಕಾಂಗ್‌ಗೆ ಕಳಿಸಿದ್ದೂ ಸೇರಿ ಸುಮಾರು 94 ಕೋಟಿ ರೂಪಾಯಿ. ಬೆಳಗಾವಿಯಿಂದ ಒಂದು ರಾತ್ರಿ ಬಸ್ಸಿನ ದೂರದಲ್ಲಿ ನಡೆದದ್ದು ಇದು. ಸಿನಿಮಾ ಮಾಡೋಕೆ ಇದಕ್ಕಿಂತ ಏನು ಬೇಕು?

ಸಿನಿಮಾಗಳಿಗೆ ಗೊತ್ತಿಲ್ಲದ ಒಂದೇ ಒಂದು ಸಂಗತಿ ಅಂದ್ರೆ ಕಾಯೋದು. ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿಗೆ ಕೆಲಸ ಕೇಳುವ ನೆಪದ ಇಮೇಲ್ ಬಂದದ್ದು 2015ರ ಶುರುವಿನಲ್ಲಿ. ದುಡ್ಡು ಹೊಡೆದದ್ದು 2016ರ ಫೆಬ್ರುವರಿಯಲ್ಲಿ. ಒಂದು ವರ್ಷ! ಕೇಳಿದ್ದು 95 ಕೋಟಿ ಡಾಲರ್, ಕೊನೆಗೆ ದಕ್ಕಿದ್ದು 8.1 ಕೋಟಿ. ಶ್ರೀಲಂಕಾಕ್ಕೆ ಹೊರಟಿದ್ದ 2 ಕೋಟಿ ಡಾಲರ್ ತಡೆದದ್ದು ಯಾವ ಫೈರ್‌ವಾಲೂ ಅಲ್ಲ, ಸಂಸ್ಥೆಯ ಹೆಸರಿನಲ್ಲಿ ಕಳ್ಳರು ಮಾಡಿದ ಸ್ಪೆಲಿಂಗ್ ತಪ್ಪು.

ಕುಂದಾ_ಪ್ರಿಯ
ಹಾಗಾದ್ರೆ ಸ್ಪೆಲಿಂಗ್‌ಗೆ ಬೆತ್ತದ ಏಟು ಕೊಟ್ಟ ಮಾಸ್ತರರು ಸರಿ ಇದ್ದರು 😄

ತಿಕೋಟಾ_ಒಣದ್ರಾಕ್ಷಿ
ದೂರ ಯಾಕೆ, ನಮ್ಮ ವಿಜಯಪುರ ಜಿಲ್ಲೆಯ ಮನಗೂಳಿ ನೋಡಿ. 2025ರ ಮೇನಲ್ಲಿ ಬ್ಯಾಂಕ್ ಶಾಖೆಯಿಂದ ಸುಮಾರು 58 ಕೆಜಿ ಚಿನ್ನ ಹೋಯಿತು. ಸುದ್ದಿ ಬಂದ ದಿನ ನಮ್ಮ ಓಣಿಯಲ್ಲಿ ಎಲ್ಲರೂ ಲೇಸರ್, ಸೆನ್ಸರ್ ಹ್ಯಾಕ್ ಅಂತೆಲ್ಲ ಕಥೆ ಕಟ್ಟಿದ್ದೇ ಕಟ್ಟಿದ್ದು. ಕೊನೆಗೆ ಪೊಲೀಸರು ಹೇಳಿದ್ದು ನಕಲಿ ಕೀ. ಬಂಧಿಸಿದವರಲ್ಲಿ ಹಿಂದೆ ಅದೇ ಶಾಖೆಯಲ್ಲಿ ಮ್ಯಾನೇಜರ್ ಆಗಿದ್ದವರೂ ಇದ್ದರು.

ನವನಗರ_ವಕೀಲ
ಬಾಗಲಕೋಟೆಯಿಂದ ಬರೀತಿದ್ದೇನೆ. ದಡಿಯವರು ವಕೀಲರನ್ನು ಎಳೆದು ತಂದರು, ಅದಕ್ಕೆ ಬಂದೆ. ಆ ಕೆಂಪು ಚುಕ್ಕಿ ನಕಾಶೆ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಪ್ರಕಾರ ಅದೇ ಜಾಸ್ತಿ ಅಪಾಯದ ಸುಳ್ಳು.

ಐಪಿ ಅಡ್ರೆಸ್ ಮನೆ ನಂಬರ್ ಅಲ್ಲ. ಮೊಬೈಲ್ ಡೇಟಾದಲ್ಲಿ ಒಂದೇ ಐಪಿಯನ್ನು ಒಂದೇ ಹೊತ್ತಿಗೆ ಎಷ್ಟೋ ಜನ ಹಂಚಿಕೊಂಡಿರುತ್ತಾರೆ. ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷ ಎಷ್ಟು ಸೆಕೆಂಡು, ಯಾವ ಪೋರ್ಟ್ ಅಂತ ಹಿಡಿದು ಮೊಬೈಲ್ ಕಂಪನಿಯನ್ನು ಕೇಳಬೇಕು. ಕೇಳೋದು ಅಂದ್ರೆ ಸೆನ್ (ಸೈಬರ್ ಅಪರಾಧ) ಠಾಣೆಯ ತನಿಖಾಧಿಕಾರಿ ಬಿಎನ್‌ಎಸ್‌ಎಸ್, ಅಂದ್ರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 94ರ ಅಡಿ ನೋಟಿಸ್ ಕಳಿಸಬೇಕು, ಹಳೇ ಸಿಆರ್‌ಪಿಸಿಯಲ್ಲಿ ಇದು ಕಲಂ 91 ಆಗಿತ್ತು. ಉತ್ತರ ಬರೋಕೆ ದಿನಗಳು ಹಿಡಿಯುತ್ತವೆ. ಬಂದ ಉತ್ತರ ಇನ್ಯಾರದೋ ಹೆಸರಿನ ಸಿಮ್ ಕಡೆ ಬೆರಳು ತೋರಿಸುತ್ತದೆ. ಆಮೇಲೆ ಬ್ಯಾಂಕ್ ಖಾತೆಗಳ ಬೆನ್ನು ಹತ್ತಬೇಕು. ಮೊಮ್ಮಗಳು ಮನೆಯಲ್ಲಿ ಕೂತು ಇದನ್ನು ಮಾಡೋಕೆ ಆಗಲ್ಲ. ಅವಳೇ ಎದುರಿನವನ ಕಂಪ್ಯೂಟರಿಗೆ ನುಗ್ಗಿದರೆ ಐಟಿ ಕಾಯ್ದೆ ಕಲಂ 66ರ ಅಡಿ ಅವಳೂ ಆರೋಪಿ. ಮೂರು ವರ್ಷದವರೆಗೆ ಜೈಲು, ಇಲ್ಲವೇ ಐದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಅಪಾಯ ಅಂದದ್ದು ಯಾಕೆ? ಪೊಲೀಸರು ಒಂದು ಬಟನ್ ಒತ್ತಿದರೆ ನಾವು ಎಲ್ಲಿದ್ದೇವೆ, ಏನು ಮಾಡ್ತಿದ್ದೇವೆ ಎಲ್ಲ ಕಾಣುತ್ತೆ ಅಂತ ಟಿವಿ ನಮಗೆ ವರ್ಷಗಟ್ಟಲೆ ಪಾಠ ಮಾಡಿದೆ. ಡಿಜಿಟಲ್ ಅರೆಸ್ಟ್, ಅಂದ್ರೆ ಪೊಲೀಸರ ವೇಷದಲ್ಲಿ ಫೋನಿನಲ್ಲೇ ‘ಬಂಧಿಸಿ’ ದುಡ್ಡು ಕೀಳುವ ಮೋಸ ಮಾಡೋರು ಕೂತು ಉಣ್ಣೋದು ಅದೇ ನಂಬಿಕೆ ಮೇಲೆ. ವಿಡಿಯೋ ಕಾಲ್, ಹಿಂದೆ ಠಾಣೆಯ ಸೆಟ್, ಸಮವಸ್ತ್ರ, ವೈರ್‌ಲೆಸ್ ಸದ್ದು, ‘ನಿಮ್ಮ ಮೇಲೆ ಕಣ್ಣಿಟ್ಟಿದ್ದೇವೆ, ಕ್ಯಾಮೆರಾ ಬಿಟ್ಟು ಕದಲಬೇಡಿ.’ ಧಾರಾವಾಹಿಯವರು ಹ್ಯಾಕರ್‌ಗಳಿಂದ ಏನೂ ಕಲಿಯಲಿಲ್ಲ ಅಂತ ನೀವು ನಗ್ತಿದ್ದೀರಿ. ಕಳ್ಳರು ಮಾತ್ರ ಧಾರಾವಾಹಿಯಿಂದ ಎಲ್ಲ ಕಲಿತರು. ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನೋದೇ ಇಲ್ಲ. ಆದರೂ 2025ರ ಮಾರ್ಚ್‌ನಲ್ಲಿ ಖಾನಾಪುರ ತಾಲ್ಲೂಕಿನ ಹಿರಿಯ ದಂಪತಿ ಇಂಥ ಬೆದರಿಕೆಗೆ ಸಿಕ್ಕಿ ಜೀವವನ್ನೇ ಕಳಕೊಂಡರು.

ಗುಮ್ಮಟದ_ಮಾರ್ದನಿ
ಇದಕ್ಕೆ ಸೇರಿಸ್ತೀನಿ. 2024ರ ಅಕ್ಟೋಬರ್ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಕೇಳಿಸಿದ ನಕಲಿ ಪೊಲೀಸ್ ಕರೆ ನಮ್ಮ ವಿಜಯಪುರದ ಯುವಕನಿಗೆ ಬಂದದ್ದು. ಆತ ಹೆದರಲಿಲ್ಲ, ಮಾತಾಡಿಸ್ತಾ ರೆಕಾರ್ಡ್ ಮಾಡಿಕೊಂಡ. ಅದರಲ್ಲಿ ಒಂದು ಸಾಲು ಕೋಡ್ ಇಲ್ಲ, ಇಬ್ಬರ ಮಾತಷ್ಟೇ. ಥ್ರಿಲ್ಲರ್ ಬೇಕಾದ್ರೆ ಅದಿದೆ ನೋಡಿ.

ಲಾಸ್ಟ್‌ಬೆಂಚ್_ಬೆಳಗಾವಿ
ಇದನ್ನೆಲ್ಲ ಓದಿ ಡೈರೆಕ್ಟರ್ ಜೊತೆ ಜಗಳ ಆಡಿ ಬಂದೆ. ಕಥೆ ಹೀಗೆ ತಿರುಗಿತು, ನೋಡಿ ಹೇಳಿ.

ಹಸಿರು ಅಕ್ಷರದ ಸ್ಕ್ರೀನ್ ಇರುತ್ತೆ. ಆದರೆ ಅದು ಕಳ್ಳನ ಕೆಲಸದ ಸ್ಕ್ರೀನ್ ಅಲ್ಲ. ನಕಲಿ ಇನ್ಸ್‌ಪೆಕ್ಟರ್ ವಿಡಿಯೋ ಕಾಲ್‌ನಲ್ಲಿ ಮಾಸ್ತರರಿಗೆ ತೋರಿಸೋದು. ‘ನೋಡಿ ಸರ್, ನಿಮ್ಮ ಖಾತೆ ಹ್ಯಾಕ್ ಆಗ್ತಿದೆ, ಲೈವ್ ನಡೀತಿದೆ’ ಅಂತ. ಕೆಂಪು ಚುಕ್ಕಿ ನಕಾಶೆಯೂ ಅವನದ್ದೇ, ಮಾಸ್ತರರ ಮನೆ ಮೇಲೆ ಬಂದು ನಿಲ್ಲುತ್ತೆ. ಮಾಸ್ತರರು ಹೆದರಿ ‘ಸುರಕ್ಷಿತ ಖಾತೆ’ಗೆ ತಾವೇ ದುಡ್ಡು ಹಾಕ್ತಾರೆ. ಕ್ಯಾಮೆರಾ ಆ ಕಡೆ ಹೋದಾಗ ಹಸಿರು ಅಕ್ಷರ ಅಂದ್ರೆ ಯೂಟ್ಯೂಬ್ ವಿಡಿಯೋ, ಲೂಪ್‌ನಲ್ಲಿ ಓಡ್ತಿದೆ. ಮೊಮ್ಮಗಳು ಬಂದು ಯಾರನ್ನೂ ಟ್ರೇಸ್ ಮಾಡಲ್ಲ, 1930ಕ್ಕೆ ಫೋನ್ ಹಚ್ತಾಳೆ. ಡೈರೆಕ್ಟರ್‌ಗೆ ಅವನ ಹಸಿರು ಸಿಕ್ಕಿತು, ನನಗೆ ನನ್ನ ನಿಜ ಸಿಕ್ಕಿತು.

ಇಳಕಲ್_ದಡಿ
ತಗಡನ್ನು ತಗಡು ಅಂತಲೇ ತೋರಿಸೋದು. ಭೇಷ್! ಆದರೆ ಮಾಸ್ತರರನ್ನು ಪೆದ್ದ ಮಾಡಬೇಡಿ. ಅವರು ಅನುಮಾನದಿಂದ ಒಂದೆರಡು ಒಳ್ಳೇ ಪ್ರಶ್ನೆ ಕೇಳಲಿ, ಅವನ ಹತ್ತಿರ ಉತ್ತರ ರೆಡಿ ಇರಲಿ.

ಜಮಖಂಡಿ_ಸರ್ವಿಸ್‌ಸೆಂಟರ್
ಹೌದು, ಅದು ಮುಖ್ಯ. ನನ್ನ ಕೌಂಟರಿಗೆ ಬರೋರಲ್ಲಿ ಓದಿದವರೇ ಜಾಸ್ತಿ. ಇನ್ನೊಂದು, ಕಳ್ಳ ಅವರನ್ನು ಫೋನ್ ಇಡೋಕೆ ಬಿಡಲ್ಲ. ಊಟಕ್ಕೂ ಬಿಡಲ್ಲ. ಮನೆಯವರಿಗೆ ಹೇಳಿದರೆ ಅವರನ್ನೂ ಕೇಸಿನಲ್ಲಿ ಹಾಕ್ತೀವಿ ಅಂತಾನೆ. ಅದನ್ನು ಬಿಟ್ಟರೆ ಮಾಸ್ತರರು ಯಾಕೆ ಮೊಮ್ಮಗಳಿಗೆ ಹೇಳಲಿಲ್ಲ ಅಂತ ಹಾಲ್‌ನಲ್ಲಿ ಎಲ್ಲರೂ ಕೇಳ್ತಾರೆ.

ನವನಗರ_ವಕೀಲ
1930ಕ್ಕೆ ಹೇಳಿದ ಮೇಲೆ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸೋದು ತೋರಿಸಿ. ದುಡ್ಡು ಪೂರ್ತಿ ವಾಪಸ್ ಬಂತು ಅಂತ ಮಾತ್ರ ಮುಗಿಸಬೇಡಿ, ಅದು ಇನ್ನೊಂದು ಸಿನಿಮಾ ಸುಳ್ಳು. ಸ್ವಲ್ಪ ತಡೆಹಿಡಿದಿದ್ದಾರೆ ಅಂದರೆ ಸಾಕು.

ಆಲಮಟ್ಟಿ_26ಗೇಟ್
ಪ್ರಾಪ್ಸ್ ವಿಚಾರಕ್ಕೆ ಬರೋಣ. ಸ್ಕ್ರೀನ್ ಮೇಲೆ ಐಪಿ ಅಡ್ರೆಸ್ ಬರೋದಾದರೆ 300, 748 ಅಂತೆಲ್ಲ ಹಾಕಬೇಡಿ, ಪ್ರತಿ ಭಾಗವೂ 255 ದಾಟಬಾರದು. ಹಾಗಂತ ಯಾರದೋ ನಿಜವಾದ ಐಪಿಯನ್ನೂ ಹಾಕಬೇಡಿ. 203.0.113 ಅಂತ ಶುರುವಾಗುವ ವಿಳಾಸಗಳನ್ನು ಉದಾಹರಣೆಗೆ ಅಂತಲೇ ಮೀಸಲಿಟ್ಟಿದ್ದಾರೆ, ಅದನ್ನು ಬಳಸಿ. ನಿಜ ಕಾಣುತ್ತೆ, ಯಾರಿಗೂ ತೊಂದರೆ ಇಲ್ಲ.

ಮಾಸ್ತರರ ಫೋನಿಗೆ ದುಡ್ಡು ಕಟ್ ಆದ ಮೆಸೇಜ್ ಬರುತ್ತಲ್ಲ, ಅದನ್ನು ಹತ್ತು ಅಂಕಿ ನಂಬರಿನಿಂದ ಬಂದ ಹಾಗೆ ತೋರಿಸಬೇಡಿ. ಬ್ಯಾಂಕಿನ ಮೆಸೇಜ್ ಇಂಗ್ಲಿಷ್ ಅಕ್ಷರದ ಹೆಡರ್‌ನಿಂದ (ನಂಬರ್ ಬದಲು ಕಾಣುವ ಹೆಸರು) ಬರುತ್ತೆ. ಹತ್ತು ಅಂಕಿಯಿಂದ ಬರಬೇಕಾದ್ದು ಕಳ್ಳನ ಮೊದಲ ಮೆಸೇಜ್. ಎರಡನ್ನೂ ಒಂದೇ ಇನ್‌ಬಾಕ್ಸ್‌ನಲ್ಲಿ ಮೇಲೆ ಕೆಳಗೆ ಇಟ್ಟು ಒಂದು ಕ್ಲೋಸಪ್ ತಗೊಳ್ಳಿ, ಡೈಲಾಗ್ ಬೇಕಾಗಲ್ಲ.

ಲಾಸ್ಟ್‌ಬೆಂಚ್_ಬೆಳಗಾವಿ
ಬರೆದುಕೊಂಡೆ. ನಕಲಿ ಇನ್ಸ್‌ಪೆಕ್ಟರ್ ಪಾತ್ರಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ. ಹಿಂದಿ, ಕನ್ನಡ ಎರಡೂ ಗದರಿಸಿ ಮಾತಾಡೋಕೆ ಬರಬೇಕು. ಬೆಳಗಾವಿಯಲ್ಲಿ ಯಾರಾದರೂ ಇದ್ದರೆ ಮೆಸೇಜ್ ಮಾಡಿ, ಸಮವಸ್ತ್ರ ನಮ್ಮದು.